ಬಿಟ್ಟುಬಿಡು ಎಂದಿದ್ದ ಪದ

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಉದ್ದನೆಯ ಓಣಿಯ ಕಟ್ಟಕಡೆಗೆ, ಹಲ್ಲಿನ ವಿಭಾಗಕ್ಕೆ ಅಂಟಿಕೊಂಡಂತೆ ಅವರ ಕೋಣೆ. ಮಾತು ಕಲಿಸುವ ಜಾಗವನ್ನು ತಂದು ಹಲ್ಲು ಕೊರೆಯುವ ಯಂತ್ರದ ಪಕ್ಕ ಇಟ್ಟವರು ಯಾರೋ ಭಾರಿ ರಸಿಕರಿರಬೇಕು ಎಂದು ಅವರು ಹೊಸಬರಿಗೆಲ್ಲ ಹೇಳುತ್ತಿದ್ದರು. ಗೋಡೆಗೆ ಸ್ಪಂಜಿನ ಹಾಳೆ ಹೊಡೆಸಿದ್ದರೂ ಆ ಕೊರೆತದ ಸದ್ದು ಒಳಗೆ ಬಂದೇ ಬರುತ್ತಿತ್ತು. ಒಂದು ಮೇಜು, ಎರಡು ಕುರ್ಚಿ, ಬಾಯಿಯ ಚಲನೆ ನೋಡಿಕೊಳ್ಳಲು ಒಂದು ಅಗಲದ ಕನ್ನಡಿ, ಮೂಲೆ ಸವೆದ ಚಿತ್ರದ ಕಾರ್ಡುಗಳು, ಅಂಗೈಯಷ್ಟು ಒಂದು ರೆಕಾರ್ಡರ್. ಅಷ್ಟರಲ್ಲೇ ಅವರು ಇಪ್ಪತ್ತೆರಡು ವರ್ಷ ಕಳೆದಿದ್ದರು. ಬಾಗಿಲಿನ ಮೇಲೆ ಉದ್ದನೆಯ ಹುದ್ದೆಯ ಹೆಸರಿತ್ತು. ಅದನ್ನು ಯಾರೂ ಓದುತ್ತಿರಲಿಲ್ಲ. ಆಯಾಗಳಿಂದ ಹಿಡಿದು ದೊಡ್ಡ ಡಾಕ್ಟರ ತನಕ ಎಲ್ಲರಿಗೂ ಅವರು ‘ಮಾತಿನ ಮೇಡಂ’.

ನಲವತ್ತೈದು ದಾಟಿದ ಮೇಲೆ ಮಾತಿನ ಮೇಡಂ ಪಿಎಚ್‌ಡಿಗೆ ಸೇರಿದರು. ಗಂಡ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. “ಮಗಳು ಓದು ಮುಗಿಸಿದಳು, ಅಮ್ಮ ಶುರು ಮಾಡಿದಳು. ನಮ್ಮನೇಲಿ ಎಣಿಕೆ ಯಾವಾಗಲೂ ಹಿಂದುಮುಂದು” ಎಂದು ನಗುತ್ತಿದ್ದರು. ನಗುತ್ತಲೇ ಹೆಂಡತಿಯ ಪ್ರಶ್ನಾವಳಿಯ ಹಾಳೆಗಳನ್ನು ಒಪ್ಪ ಮಾಡಿ ಪಿನ್ ಹೊಡೆದು ಕೊಡುತ್ತಿದ್ದರು.

ಎಣಿಕೆಯ ಮಾತು ಬಂದದ್ದರಿಂದ ಹೇಳಬೇಕು. ಮೇಡಂ ಅವರ ಕಸುಬು ನಿಂತದ್ದೇ ಎಣಿಕೆಯ ಮೇಲೆ. ಉಗ್ಗುವ ಮಗು ಬಂದರೆ ಐದು ನಿಮಿಷ ಮಾತಾಡಿಸಿ, ನೂರು ಅಕ್ಷರಕ್ಕೆ ಎಷ್ಟು ಕಡೆ ತಡೆಯಿತು ಎಂದು ಗೀಟು ಹಾಕುತ್ತಾರೆ. ಹದಿನೆಂಟು ಇದ್ದದ್ದು ಹತ್ತಾಗಿ, ಐದಾಗಿ, ಎರಡಕ್ಕಿಳಿದರೆ ಫೈಲಿನ ಮೇಲೆ ‘ಗುಣ’ ಎಂದು ಬರೆದು ಮುಚ್ಚುತ್ತಾರೆ. ಹೀಗೆ ಎರಡಕ್ಕಿಳಿದಿದ್ದ ಹದಿನಾರರ ಹುಡುಗನೊಬ್ಬ ಕೊನೆಯ ದಿನ ಹೊರಡುವಾಗ ಬಾಗಿಲ ಬಳಿ ನಿಂತು, “ಥ್ಯಾಂಕ್ಸ್ ಮೇಡಂ. ಆದ್ರೆ ಈಗ ಮಾತಾಡೋದು ನಾನಲ್ಲ, ನೀವು” ಎಂದು ಹೇಳಿ ಹೋದ. ತಮಾಷೆಗೆ ಅಂದನೋ ನಿಜಕ್ಕೂ ಅಂದನೋ ಗೊತ್ತಾಗಲಿಲ್ಲ. ಆ ಮಾತು ಮಾತ್ರ ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಒತ್ತುತ್ತಲೇ ಇತ್ತು. ಸಂಶೋಧನೆಗೆ ವಿಷಯ ಆರಿಸುವಾಗ ಅವರು ಅದನ್ನೇ ಆರಿಸಿಕೊಂಡರು: ಹದಿಹರೆಯದಲ್ಲಿ ಉಗ್ಗುವವರು ತಮ್ಮನ್ನು ತಾವು ಯಾರೆಂದು ತಿಳಿದಿರುತ್ತಾರೆ?

ಹದಿಮೂರರಿಂದ ಹದಿನೇಳರೊಳಗಿನ ಹದಿನಾಲ್ಕು ಮಂದಿ ಮಾತಾಡಲು ಒಪ್ಪಿದರು. ಈ ಸಲ ಗೀಟು ಇಲ್ಲ, ಎಣಿಕೆ ಇಲ್ಲ. ಎಷ್ಟು ಹೊತ್ತು ಬೇಕಾದರೂ ತಗೊಳ್ಳಲಿ ಎಂದು ಮೇಡಂ ಕೈಕಟ್ಟಿ ಕೂತರು. ಇಪ್ಪತ್ತು ವರ್ಷ ಮಕ್ಕಳ ಬಾಯಿ ನೋಡಿದ್ದ ಅವರು ಮಕ್ಕಳ ಮಾತನ್ನು ಕೇಳಿದ್ದು ಆಗಲೇ.

“ನಾನು ಜೋಕ್ ಹೇಳೋದಿಲ್ಲ ಮೇಡಂ. ಕೊನೇ ಪದ ಬರೋಷ್ಟರಲ್ಲಿ ನಗು ಹಳಸಿಹೋಗಿರುತ್ತೆ” ಎಂದಳು ಒಬ್ಬಳು.

“ಹೋಟೆಲಲ್ಲಿ ನನಗೆ ಬೇಕಾದ್ದು ತಿನ್ನೋದಿಲ್ಲ, ಹೇಳೋಕಾಗೋದು ತಿಂತೀನಿ” ಎಂದ ಇನ್ನೊಬ್ಬ. ಅದನ್ನು ಹೇಳಲು ಅವನಿಗೆ ಮುಕ್ಕಾಲು ನಿಮಿಷ ಹಿಡಿಯಿತು. ಹೇಳಿಯಾದ ಮೇಲೆ ಇಬ್ಬರೂ ನಕ್ಕರು.

ಹನ್ನೊಂದನೆಯವಳು ಹದಿನೈದರ ಹುಡುಗಿ. ಕೇಳುವವರಿಗೆ ಅವಳಲ್ಲಿ ಉಗ್ಗೇ ಕಾಣದು. ಮಾತು ನೀರು ಹರಿದ ಹಾಗೆ ಬರುತ್ತಿತ್ತು. ಆದರೆ ಆಗಾಗ ಸುತ್ತಿ ಬಳಸಿ ಬರುತ್ತಿತ್ತು. ‘ಪುಸ್ತಕ’ ಅನ್ನಬೇಕಾದಲ್ಲಿ ‘ಓದೋದು’ ಅನ್ನುತ್ತಿದ್ದಳು.

“ಕಷ್ಟದ ಪದ ಬಂತು ಅಂದ್ರೆ ದೂರದಿಂದಲೇ ಗೊತ್ತಾಗುತ್ತೆ. ಬಿಟ್ಟು ಬೇರೆ ಹಾಕ್ತೀನಿ. ಒಂದ್ಸಲ ನನ್ನ ಗೆಳತಿ ಅಜ್ಜಿ ಹೋಗ್ಬಿಟ್ರು. ನಾನು ಅವಳ ಮನೆಗೆ ಹೋಗಿ ಸುಮ್ನೆ ನಿಂತಿದ್ದು ಬಂದೆ. ಹೇಳಬೇಕಾದ ಮಾತಿಗೆ ಬದಲಿ ಸಿಗಲಿಲ್ಲ. ಅವಳು ಈಗ ನನ್ನ ಜೊತೆ ಸೇರೋದಿಲ್ಲ. ಕಲ್ಲು ಮನಸ್ಸು ನನ್ನದು ಅಂತಾಳೆ.”

“ಪದ ಬಿಡೋದು ನೀನೇ ಕಂಡುಕೊಂಡಿದ್ದಾ?”

“ಇಲ್ಲ ಮೇಡಂ, ಮೊದಲು ಹೋಗ್ತಿದ್ದ ಕಡೆ ಟೀಚರ್ ಹೇಳಿಕೊಟ್ಟಿದ್ದು. ಅವರು ನಿಮ್ಮ ಸ್ಟೂಡೆಂಟ್ ಅಂತೆ. ನಿಮ್ಮನ್ನ ತುಂಬಾ ಹೊಗಳ್ತಿದ್ರು.”

ಮೇಡಂ ರೆಕಾರ್ಡರಿನ ಕೆಂಪು ದೀಪ ನೋಡುತ್ತ ಕೂತರು. ಆ ಉಪಾಯ ಅವರದ್ದೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಕ್ಕಳಿಗೂ ತರಬೇತಿಗೆ ಬರುತ್ತಿದ್ದವರಿಗೂ ಕಲಿಸುತ್ತಿದ್ದರು. ಆಮೇಲೆ ಓದಿ, ಅನುಭವದಿಂದ ತಿಳಿದು, ಅದು ಸಲ್ಲದು ಎಂದು ತಾವು ಬಿಟ್ಟು ಹದಿನೈದು ವರ್ಷವಾಗಿತ್ತು. ತಾವು ಬಿಟ್ಟರೆ ಅದೂ ತಮ್ಮನ್ನು ಬಿಟ್ಟಿತೆಂದು ತಿಳಿದಿದ್ದರು.

ಮಾರ್ಗದರ್ಶಕರು ವಿಶ್ವವಿದ್ಯಾಲಯದ ಹಿರಿಯ ಪ್ರೊಫೆಸರು, ಕಡಿಮೆ ಮಾತಿನ ಮನುಷ್ಯ. ಟೇಪು ಕೇಳಿ, “ನಿಮ್ಮ ಹಳೇ ಕೇಸುಗಳಲ್ಲಿ ಹೀಗೆ ಕಲಿತವರು ಯಾರಾದ್ರೂ ಇದ್ರೆ ಹುಡುಕಿ. ಈಗ ದೊಡ್ಡವರಾಗಿರ್ತಾರೆ. ಏನಾಗಿದ್ದಾರೆ ನೋಡೋಣ” ಎಂದರು.

ಆಸ್ಪತ್ರೆಯ ನೆಲಮಾಳಿಗೆಯ ದಫ್ತರದ ಕೋಣೆಯಲ್ಲಿ ಹಳೆಯ ಫೈಲುಗಳನ್ನು ವರ್ಷವಾರು ಹಗ್ಗ ಕಟ್ಟಿ ಇಟ್ಟಿದ್ದರು. ಮೇಡಂ ಮೂಗಿಗೆ ಸೆರಗು ಹಿಡಿದು, ಸ್ಟೂಲಿನ ಮೇಲೆ ಕೂತು, ಮೂರು ಮಧ್ಯಾಹ್ನ ಅವನ್ನು ಬಿಚ್ಚಿ ಕಟ್ಟಿದರು. ‘ಪದ ಬದಲಾವಣೆ ವಿಧಾನ, ಗುಣ’ ಎಂದು ಕೊನೆಯಾದ ನಲವತ್ತೊಂದು ಫೈಲು ಸಿಕ್ಕವು. ಎಲ್ಲದರಲ್ಲೂ ತಮ್ಮದೇ ಅಕ್ಷರ, ಆಗಿನ ಕಾಲದ ದುಂಡನೆಯ, ಹುಮ್ಮಸ್ಸಿನ ಅಕ್ಷರ. ಮೂರನೆಯ ದಿನ ಒಂದು ಹಸಿರು ರಟ್ಟಿನ ಫೈಲು ತೆಗೆದರು. ಮೊದಲ ಪುಟದ ಫೋಟೋದಲ್ಲಿ ಎರಡು ಜಡೆಯ, ಹುಬ್ಬು ಕೂಡಿದ ಹದಿಮೂರರ ಹುಡುಗಿ. ಕಂಡ ತಕ್ಷಣ ನೆನಪಾಯಿತು.

ಅವಳಿಗೆ ನಾಲ್ಕು ವರ್ಷವಿದ್ದಾಗ ತಂದೆ ತೀರಿಕೊಂಡಿದ್ದರು. ಒಂಬತ್ತಾದಾಗ ತಾಯಿ ಮತ್ತೆ ಮದುವೆಯಾದಳು. ಬಂದವನು ಸಿಟಿ ಬಸ್ಸಿನ ಡ್ರೈವರ್. ಹುಡುಗಿಯನ್ನು ಕೋಣೆಯವರೆಗೆ ಕರೆತರುತ್ತಿದ್ದುದು ತಾಯಿ. ಅವಳು ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು, ಸದಾ ಅವಸರ. ಹುಡುಗಿಗೆ ಎಲ್ಲಕ್ಕಿಂತ ಕಷ್ಟವಾಗುತ್ತಿದ್ದುದು ಸ್ವರದಿಂದ ಶುರುವಾಗುವ ಕೆಲವು ಪದಗಳು. ಬಾಯಿ ತೆರೆಯುತ್ತಿತ್ತು, ಗಂಟಲು ಕಟ್ಟುತ್ತಿತ್ತು, ಗಾಳಿ ಕೂಡ ಹೊರಗೆ ಬರುತ್ತಿರಲಿಲ್ಲ. ಕತ್ತಿನ ನರ ಎದ್ದು ಕಾಣುತ್ತಿತ್ತು. ಅಂಥ ಪದಗಳ ಪಟ್ಟಿ ಫೈಲಿನಲ್ಲಿತ್ತು. ಆಟ, ಇವತ್ತು, ಉತ್ತರ, ಎರಡು. ಪಟ್ಟಿಯ ತಲೆಯಲ್ಲಿ, ಎರಡು ಸಲ ಅಡಿಗೆರೆ ಎಳೆದು: ಅಪ್ಪ.

“ಅಮ್ಮ ಅನ್ನೋದು ಬರುತ್ತೆ ಇವಳಿಗೆ” ಎಂದಿದ್ದಳು ತಾಯಿ. “ಅದು ಬಂದ್ರೆ ಇದೂ ಬರಬೇಕಲ್ಲ ಮೇಡಂ? ಅವರು ಮನೆಗೆ ಬಂದು ನಾಲ್ಕು ವರ್ಷ ಆಯ್ತು, ಅಪ್ಪ ಅನ್ನಮ್ಮಾ ಅಂತ ಎಷ್ಟು ಹೇಳಿದ್ರೂ ಬಾಯಿ ತೆಗೆದು ನಿಲ್ತಾಳೆ. ಅವರು ಪಾಪ, ಪರವಾಗಿಲ್ಲ ಬಿಡು ಅಂತಾರೆ. ನನಗೇ ನಾಚಿಕೆ.”

ಮನೆಮಂದಿಯೆಲ್ಲ ಕಿವಿ ನಿಮಿರಿಸಿ ಕಾಯುವ ಪದ ಯಾವ ಉಗ್ಗುವ ಮಗುವಿನ ಬಾಯಿಂದಲೂ ಬಾರದು. ಇದು ಇಂದು ಮೇಡಂ ಮೊದಲ ತರಗತಿಯಲ್ಲೇ ಹೇಳುವ ಪಾಠ. ಅಂದು ಅವರಿಗೆ ಇಪ್ಪತ್ತೆಂಟು. ಹೊಸ ಕೆಲಸ, ಮೇಲಿನವರಿಗೆ ತೋರಿಸಲು ಫಲ ಬೇಕು. ತಾಯಿಯನ್ನು ಹೊರಗೆ ಕೂರಿಸಿ ಹುಡುಗಿಗೆ ಹೇಳಿದ್ದರು:

“ಆ ಪದ ಬಿಟ್ಟುಬಿಡು. ‘ಊಟಕ್ಕೆ ಬನ್ನಿ’ ಅಂದ್ರೆ ಯಾರನ್ನ ಕರೆದೆ ಅಂತ ಅವರಿಗೆ ಗೊತ್ತಾಗುತ್ತೆ ತಾನೆ? ಎದುರಿಗೆ ಹೋಗಿ ಮಾತಾಡು, ಹೆಸರೂ ಬೇಡ ಸಂಬಂಧವೂ ಬೇಡ. ಊಟ ಕಷ್ಟ ಅನ್ನಿಸಿದ್ರೆ ‘ಬನ್ನಿ, ಬಡಿಸಿದ್ದಾರೆ’ ಅನ್ನು.”

ಹುಡುಗಿಯ ಮುಖ ಹಗುರಾದದ್ದು ಅವರಿಗೆ ಈಗಲೂ ನೆನಪಿತ್ತು. ಬೆನ್ನಿನ ಮೂಟೆ ಯಾರೋ ಇಳಿಸಿಕೊಂಡ ಹಾಗೆ. ಅವಳು ಚುರುಕು. ಒಂದೇ ವರ್ಷದಲ್ಲಿ ಯಾವ ಪದವನ್ನಾದರೂ ಹಾರಿಸಿಕೊಂಡು ಹೋಗುವುದನ್ನು ಕಲಿತುಬಿಟ್ಟಳು. ಹತ್ತೊಂಬತ್ತಿದ್ದ ಎಣಿಕೆ ಒಂದಕ್ಕಿಳಿಯಿತು. ಆ ವರ್ಷದ ವರದಿಯಲ್ಲಿ ಅವಳ ಕೇಸೇ ಮೊದಲನೆಯದು.

ಮೇಡಂ ಹಾಳೆ ತಿರುವಿದರು. ‘ಗುಣ’ ಎಂದು ಬರೆದ ಪುಟದ ನಂತರ ಇನ್ನೊಂದು ಹಾಳೆಯಿತ್ತು. ಎರಡು ತಿಂಗಳ ನಂತರದ ತಾರೀಕು. ಅದರ ಮೇಲೆ ಬರೆದದ್ದು ಇಷ್ಟೇ:

‘ಮಲತಂದೆ ಒಬ್ಬರೇ ಬಂದಿದ್ದರು. ಹುಡುಗಿ ತಮ್ಮನ್ನು ಅಪ್ಪ ಎಂದು ಕರೆಯುವುದಿಲ್ಲ, ಇದು ಉಗ್ಗಿನಿಂದಲೋ ಮನಸ್ಸಿನಿಂದಲೋ ಎಂದು ಕೇಳಿದರು. ಉಗ್ಗು ಪೂರ್ತಿ ಗುಣವಾಗಿದೆ, ಇದು ಮಾತಿಗೆ ಸಂಬಂಧಿಸಿದ್ದಲ್ಲ, ಕುಟುಂಬದ ಹೊಂದಾಣಿಕೆಯ ವಿಷಯ ಎಂದು ತಿಳಿಸಲಾಯಿತು.’

ಮೇಡಂ ಆ ಹಾಳೆಯನ್ನು ಮತ್ತೆ ಮತ್ತೆ ಓದಿದರು. ಅಕ್ಷರ ತಮ್ಮದು, ಸಹಿ ತಮ್ಮದು. ಆ ಮನುಷ್ಯ ಬಂದದ್ದು, ಕೇಳಿದ್ದು, ತಾವು ಉತ್ತರ ಕೊಟ್ಟದ್ದು, ಒಂದೂ ನೆನಪಿರಲಿಲ್ಲ. ಎತ್ತರವಿದ್ದನೋ ಗಿಡ್ಡನೋ, ಕಪ್ಪೋ ಬಿಳುಪೋ, ಗೊತ್ತಿಲ್ಲ. ಆ ಪದವನ್ನು ಬಿಡಿಸಿದ್ದು ತಾವು. ಅದು ಯಾಕಿಲ್ಲ ಎಂದು ಕೇಳಲು ಬಂದವನಿಗೆ, ಅವಳಿಗೆ ನೀನು ಬೇಡ ಎಂದು ಹೇಳಿ ಕಳಿಸಿದ್ದೂ ತಾವು.

ಆ ಹಾಳೆಯ ಪ್ರತಿಯನ್ನು ಮನೆಗೆ ತಂದು ಗಂಡನಿಗೆ ತೋರಿಸಿದರು. ಮೇಷ್ಟರು ಕನ್ನಡಕ ತೆಗೆದು ಒರೆಸಿದರು. “ಇಪ್ಪತ್ತು ವರ್ಷ ಆಯ್ತು. ಅಷ್ಟರಲ್ಲಿ ಅವರವರೇ ಸರಿಮಾಡಿಕೊಂಡಿರ್ತಾರೆ ಕಣೆ. ಜನ ನಿನ್ನ ಮಾತಿನ ಮೇಲೇ ನಿಂತಿರ್ತಾರಾ?” ಎಂದರು.

“ಮಾತಾಡೋಕೆ ಬರದವರು ನನ್ನ ಮಾತಿನ ಮೇಲೇ ನಿಂತಿರ್ತಾರೆ” ಎಂದರು ಮೇಡಂ.

ಫೈಲಿನಲ್ಲಿದ್ದ ವಿಳಾಸದಲ್ಲಿ ಬೇರೆಯವರಿದ್ದರು. ಪಕ್ಕದ ಮನೆಯ ಹೆಂಗಸು ಗುರುತು ಹೇಳಿದಳು. ಆ ಹುಡುಗಿ ಈಗ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಾಳೆ, ಮಾರುಕಟ್ಟೆಯ ಹಿಂದಿನ ರಸ್ತೆ, ಕೇಳಿದರೆ ಯಾರಾದರೂ ತೋರಿಸುತ್ತಾರೆ.

ಕಿರಿದಾದ ಆಫೀಸು. ಗೋಡೆಯ ತುಂಬ ರಸ್ತೆಯ ಚಿಹ್ನೆಗಳ ಚಾರ್ಟು. ಬೆಂಚಿನ ಮೇಲೆ ಕಲಿಯಲು ಬಂದ ನಾಲ್ಕು ಜನ. ಮೂವತ್ತನಾಲ್ಕರ ಹೆಂಗಸು, ಕೂಡಿದ ಹುಬ್ಬು, ಕುತ್ತಿಗೆಗೆ ನೇತುಹಾಕಿದ ಕೀಗೊಂಚಲು. ಮೇಡಂ ಬಾಯಿ ತೆರೆಯುವ ಮುಂಚೆಯೇ ಗುರುತು ಹಿಡಿದಳು.

“ಮೇಡಂ! ನೀವಾ? ಡ್ರೈವಿಂಗ್ ಕಲಿಯೋಕೆ ಬಂದ್ರಾ?”

“ಈ ವಯಸ್ಸಲ್ಲಾ? ನಿನ್ನನ್ನ ನೋಡೋಕೆ ಬಂದೆ.”

“ನನ್ನ ಹತ್ರ ಅರವತ್ತೆಂಟರ ಅಜ್ಜಿ ಕಲಿತು ಹೋಗಿದ್ದಾರೆ. ಬನ್ನಿ, ಮುಂದಿನ ಕ್ಲಾಸಿಗೆ ಮುಕ್ಕಾಲು ಗಂಟೆ ಇದೆ. ಗಾಡೀಲೇ ಕೂತು ಮಾತಾಡೋಣ, ಇಲ್ಲಿ ಎಲ್ಲರ ಕಿವಿ.”

ಕಲಿಕೆಯ ಕಾರನ್ನು ಅವಳೇ ನಡೆಸಿದಳು. ಮೇಡಂ ಪಕ್ಕದಲ್ಲಿ ಕೂತರು. ಕಾಲ ಬಳಿ ಕಲಿಸುವವರಿಗಿರುವ ಇನ್ನೊಂದು ಬ್ರೇಕು ಇತ್ತು. ಗಾಬರಿಯಲ್ಲಿ ಅದನ್ನು ತುಳಿದುಬಿಟ್ಟೇನೆಂದು ಅವರು ಕಾಲನ್ನು ಹಿಂದಕ್ಕೆಳೆದುಕೊಂಡರು. ಅವಳ ಮಾತು ಸಲೀಸಾಗಿ ಬರುತ್ತಿತ್ತು. ಮೇಡಂ ಅವರ ಪಳಗಿದ ಕಿವಿಗೆ ಮಾತ್ರ ಅದರೊಳಗಿನ ಅಡ್ಡದಾರಿಗಳು ಕೇಳಿಸುತ್ತಿದ್ದವು. ಎಡಕ್ಕೆ ಎನ್ನುವ ಬದಲು ‘ನಿಮ್ಮ ಕಡೆ’, ಎರಡು ಎನ್ನುವ ಬದಲು ‘ಜೋಡಿ’.

“ಗಾಡಿ ಓಡಿಸೋದು ಯಾರು ಕಲಿಸಿದ್ರು?”

“ಇನ್ಯಾರು, ಅವರೇ” ಎಂದಳು. ತುಸು ತಡೆದು, “ಅಮ್ಮನ ಯಜಮಾನರು. ರಜೆ ದಿನ ಡಿಪೋ ಹಿಂದಿನ ಬಯಲಿಗೆ ಕರ್ಕೊಂಡು ಹೋಗ್ತಿದ್ರು. ಹದಿನೆಂಟು ತುಂಬಿದ ಮಾರನೇ ದಿನವೇ ಲೈಸೆನ್ಸಿಗೆ ಹಾಕಿಸಿದ್ರು. ಒಂದು ದಿನವೂ ಬೈದವರಲ್ಲ. ಕ್ಲಚ್ ಬಿಟ್ಟು ಗಾಡಿ ಕುಕ್ಕಿದ್ರೆ, ‘ಅದಕ್ಕೂ ಹೊಸಬರು ಅಂದ್ರೆ ಸಂಕೋಚ ಬಿಡು’ ಅಂತಿದ್ರು. ಹೋಗಿ ಮೂರು ವರ್ಷ ಆಯ್ತು. ಹಾರ್ಟು” ಎಂದಳು.

ಬರುವಾಗ ದಾರಿಯುದ್ದಕ್ಕೂ ಅವರು ಆಡಿಕೊಂಡು ಬಂದಿದ್ದ ಮಾತುಗಳೆಲ್ಲ ಆತ ಬದುಕಿದ್ದಾನೆ ಎಂಬ ಧೈರ್ಯದ ಮೇಲೆ ಕಟ್ಟಿದ ಮಾತುಗಳು.

“ನೀನು ಅವರನ್ನ... ಆಮೇಲೆ ಏನಂತ ಕರೀತಿದ್ದೆ?”

ಅವಳು ಗೇರು ಬದಲಿಸಿದಳು. “ಏನೂ ಇಲ್ಲ. ನೀವೇ ಹೇಳಿಕೊಟ್ಟಿದ್ರಲ್ಲ. ಎದುರಿಗೆ ಹೋಗಿ ಮಾತಾಡ್ತಿದ್ದೆ. ಫೋನಲ್ಲಿ ‘ನಾನು ಕಣ್ರೀ’ ಅಂತಿದ್ದೆ. ಅವರಿಗೇನೂ ಬೇಜಾರಿರಲಿಲ್ಲ. ಒಂದ್ಸಲ ಕೂಡ ಕೇಳಿದವರಲ್ಲ, ಯಾಕೆ ಕರೆಯೋದಿಲ್ಲ ಅಂತ. ಅವರಿಗೆ ಗೊತ್ತಿತ್ತು, ನನಗೆ ಬಾಯಿಗೆ ಬರೋದಿಲ್ಲ ಅಂತ. ಅದೊಂದು ಸಮಾಧಾನ ನನಗೆ.”

ಇಲ್ಲಿಗೆ ಮೇಡಂ ಸುಮ್ಮನಿದ್ದುಬಿಡಬಹುದಿತ್ತು. ಬ್ಯಾಗಿನಲ್ಲಿದ್ದ ಹಾಳೆಯನ್ನು ಬ್ಯಾಗಿನಲ್ಲೇ ಇಟ್ಟುಕೊಂಡು, ಕ್ಷೇಮಸಮಾಚಾರ ಕೇಳಿ, ಇಳಿದು ಹೋಗಬಹುದಿತ್ತು. ಆಮೇಲೆ ಎಷ್ಟೋ ದಿನ ಅವರು ಈ ಗಳಿಗೆಗೇ ಮರಳಿ ಬರುತ್ತಿದ್ದರು. ಆದರೆ ಬಂದದ್ದೇ ಒಪ್ಪಿಕೊಳ್ಳಲು. ಹೊಟ್ಟೆಯೊಳಗೆ ಇಟ್ಟುಕೊಳ್ಳಲಾರದೆ ಬಂದವರು ಅವರು, ಕೇಳುವವಳ ಹೊಟ್ಟೆಯ ವಿಚಾರ ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

“ಕೇಳಿದ್ರು ಕಣಮ್ಮ” ಎಂದರು. “ನಿನ್ನನ್ನಲ್ಲ, ನನ್ನನ್ನ.”

ಹಾಳೆ ಹೊರತೆಗೆದು ಹೇಳಿಬಿಟ್ಟರು. ಸಂಶೋಧನೆಗೆಂದು ಹಳೆಯ ಫೈಲು ತೆರೆದದ್ದು, ಅವರು ಬಂದದ್ದು, ಕೇಳಿದ್ದು, ತಾವು ಕೊಟ್ಟ ಉತ್ತರ, ಎಲ್ಲ.

ಅವಳು ಕನ್ನಡಿ ನೋಡಿ, ಸಿಗ್ನಲ್ ಹಾಕಿ, ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. ಹ್ಯಾಂಡ್‌ಬ್ರೇಕು ಎಳೆದಳು. ಕಲಿಸುವವರು ಮಾಡುವ ಹಾಗೆ ಎಲ್ಲವನ್ನೂ ಕ್ರಮವಾಗಿ ಮಾಡಿ ಕೈಗಳನ್ನು ಸ್ಟೀರಿಂಗಿನ ಮೇಲೆ ಬಿಟ್ಟಳು. ಪಕ್ಕದ ಪಾದಚಾರಿ ದಾರಿಯಲ್ಲಿ ಒಬ್ಬ ಪೇಂಟರು ಏಣಿ ಹತ್ತಿ ಅಂಗಡಿಯ ಬೋರ್ಡಿಗೆ ಹಳದಿ ಬಣ್ಣ ಬಳಿಯುತ್ತಿದ್ದ. ಇಬ್ಬರೂ ಅವನನ್ನೇ ನೋಡುತ್ತ ಕೂತರು.

“ಯಾವಾಗ ಬಂದಿದ್ರು?”

“ನಿನ್ನ ಫೈಲು ಮುಚ್ಚಿ ಜೋಡಿ ತಿಂಗಳಾಗಿತ್ತು” ಎಂದರು ಮೇಡಂ. ತಾವೂ ಅವಳ ಅಡ್ಡದಾರಿ ಹಿಡಿದದ್ದು ಅವರಿಗೆ ತಿಳಿಯಲೇ ಇಲ್ಲ.

“ಡ್ಯೂಟಿ ಬಟ್ಟೇಲಿ ಬಂದಿದ್ರಾ?”

“ಗೊತ್ತಿಲ್ಲಮ್ಮ.”

“ಕೂತಿದ್ರಾ, ನಿಂತೇ ಇದ್ರಾ? ದೊಡ್ಡವರೆದುರು ಅವರು ಕೂರೋದಿಲ್ಲ.”

“ನೆನಪಿಲ್ಲ.”

“ನೀವು ಹಾಗೆ ಅಂದಾಗ ಏನಂದ್ರು? ಏನಾದ್ರೂ ಅಂದಿರ್ಬೇಕಲ್ಲ.”

“ನನಗೆ ನೆನಪಿಲ್ಲ, ತಾಯಿ. ಈ ಹಾಳೆ ಇಲ್ಲದಿದ್ರೆ ಅವರು ಬಂದಿದ್ದೇ ನೆನಪಿರ್ತಿರಲಿಲ್ಲ.”

ಅವಳು ತಲೆಯಾಡಿಸಿದಳು. ಅವಳಿಗೆ ಕೋಪ ಬಂದಿದ್ದರೆ ಮೇಡಂ ತಡೆದುಕೊಳ್ಳುತ್ತಿದ್ದರು. ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದರು. ಅವಳು ಬೈಯಲಿಲ್ಲ. ಬಾಯಿ ತೆರೆದಳು. ಇಪ್ಪತ್ತು ವರ್ಷದ ಹಿಂದಿನ ಹಾಗೆ ಕತ್ತಿನ ನರ ಎದ್ದಿತು, ಗಂಟಲು ಕಟ್ಟಿತು. ಸದ್ದು ಬರಲಿಲ್ಲ. ಮೇಡಂ ಕಾದರು. ಕೊನೆಗೆ ಅವಳೇ ಬಾಯಿ ಮುಚ್ಚಿ, ಕೀ ತಿರುಗಿಸಿ, “ಕ್ಲಾಸಿಗೆ ಹೊತ್ತಾಯ್ತು” ಎಂದಳು.

ಮೇಡಂ ಆಫೀಸಿನ ಎದುರು ಇಳಿದರು. ಅವಳ ಬಳಿಯಿದ್ದುದು ಒಂದೇ ಒಂದು ಸಮಾಧಾನ, ಆತನಿಗೆ ಗೊತ್ತಿತ್ತು ಎಂಬುದು. ಅದನ್ನೂ ಕಿತ್ತುಕೊಂಡು ಬಂದಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಅವರ ಅಮ್ಮ ಹೇಳುತ್ತಿದ್ದರು. ಇಲ್ಲಿ ಬುದ್ಧಿ ಬಂದೂ ಇನ್ನೊಮ್ಮೆ ಕೆಡಿಸಿತ್ತು.

ಐದು ವಾರ ಏನೂ ಸುದ್ದಿಯಿಲ್ಲ. ಮೇಡಂ ಫೋನು ಮಾಡಲು ನಂಬರು ಒತ್ತುವುದು, ಕತ್ತರಿಸುವುದು. “ಹುಣ್ಣನ್ನ ಮುಟ್ಟಿ ಮುಟ್ಟಿ ನೋಡಬೇಡ” ಎಂದರು ಮೇಷ್ಟರು. ಆರನೆಯ ವಾರ ಒಂದು ಬೆಳಿಗ್ಗೆ, ಕೋಣೆಯ ಬೀಗ ತೆಗೆಯುತ್ತಿರುವಾಗ ಅವಳೇ ಫೋನು ಮಾಡಿದಳು.

“ಮೇ... ಮೇಡಂ, ನಾನು.” ಪದ ತಡೆದಿತ್ತು. ಅವಳು ಬೇರೆ ಪದಕ್ಕೆ ಹೋಗದೆ ಅಲ್ಲೇ ನಿಂತು ಅದನ್ನೇ ಹೇಳಿ ಮುಗಿಸಿದಳು. “ಅ... ಅಮ್ಮನ ಹತ್ರ ಕೇಳಿದೆ. ಅಮ್ಮನಿಗೆ ಗೊತ್ತಿತ್ತಂತೆ, ಅವರು ನಿಮ್ಮ ಹತ್ರ ಬಂದಿದ್ದು.”

“ಹೂಂ.”

“ಸಂಜೆ ಮನೆಗೆ ಬಂದು ಅಮ್ಮನಿಗೆ ಹೇಳಿದ್ರಂತೆ. ‘ಉಗ್ಗು ಅಲ್ಲವಂತೆ ಕಣೆ, ಮನಸ್ಸಂತೆ. ಮ... ಮನಸ್ಸು ಅಂದ್ಮೇಲೆ ಒತ್ತಾಯ ಮಾಡಬಾರದು. ನೀನೂ ಇನ್ನು ಹೇಳೋಕೆ ಹೋಗ್ಬೇಡ. ಕಾ... ಕಾಯೋಣ’ ಅಂತ. ಅದಕ್ಕೇ ಅಮ್ಮನೂ ಆಮೇಲೆ ನಂಗೆ ಹೇಳೋದು ಬಿಟ್ಟಿದ್ದು. ಹದಿನೇಳು ವರ್ಷ ಕಾದ್ರು ಮೇಡಂ. ಆಸ್ಪತ್ರೇಲಿ ಕೊನೇ ದಿನ ನಾನು ಪಕ್ಕದಲ್ಲೇ ಇದ್ದೆ. ‘ನೀರು ಬೇಕಾ’ ಅಂದೆ. ಬೇಡ ಅಂದ್ರು. ನನ್ನ ಮುಖವನ್ನೇ ನೋಡ್ತಿದ್ರು. ಈಗ ಅನ್ಸುತ್ತೆ, ಆಗಲೂ ಕಾಯ್ತಿದ್ರೇನೋ.”

ಮೇಡಂ ಓಣಿಯ ಗೋಡೆಗೆ ಒರಗಿ ನಿಂತಿದ್ದರು. ಪಕ್ಕದಲ್ಲಿ ಹಲ್ಲಿನ ಯಂತ್ರ ಶುರುವಾಗಿತ್ತು. “ಕ್ಷಮಿಸು ಅಂತ ಯಾವ ಬಾಯಲ್ಲಿ ಕೇಳಲಿ” ಎಂದರು.

“ಅದು ನನಗೆ ಗೊತ್ತಿಲ್ಲ” ಎಂದಳು ಅವಳು. ದನಿಯಲ್ಲಿ ಕಹಿಯಿರಲಿಲ್ಲ. ಇಲ್ಲವೆಂದು ಮೇಡಂ ಅವರಿಗೆ ಅನ್ನಿಸಿತು. “ನಾನು ಹೇಳಬಹುದಿತ್ತು. ಒಂದು ಚೀಟೀಲಿ ಬರೆದು ಕೊಡಬಹುದಿತ್ತು. ಪದ ಹಾರಿಸಿ ಹಾರಿಸಿ ಅಭ್ಯಾಸ ಆಗಿಹೋಗಿತ್ತು, ಅದು ಇಲ್ಲ ಅನ್ನೋದೇ ಮರೆತುಹೋಗಿತ್ತು. ಆ... ಆ ಹಾಳೆಯ ಒಂದು ಕಾಪಿ ಕೊಡ್ತೀರಾ? ಅಮ್ಮ ನೋಡ್ಬೇಕಂತೆ.”

“ಇವತ್ತೇ ತಂದುಕೊಡ್ತೀನಿ.”

“ಇನ್ನೊಂದು. ನಿಮ್ಮ ಪುಸ್ತಕದಲ್ಲಿ ನನ್ನ ಮಾತು ಹಾಕಬೇಡಿ. ನಿಮ್ಮದು ಏನಿದೆ ಅದನ್ನ ಬರ್ಕೊಳ್ಳಿ.”

ಅದೇ ದಿನ ಮಧ್ಯಾಹ್ನ ಮೇಡಂ ಹಾಳೆಯ ಪ್ರತಿಯನ್ನು ಲಕೋಟೆಯಲ್ಲಿಟ್ಟು ಡ್ರೈವಿಂಗ್ ಸ್ಕೂಲಿಗೆ ತಲುಪಿಸಿದರು. ಅವಳು ಕ್ಲಾಸಿನಲ್ಲಿದ್ದಳು. ರಸ್ತೆಯ ಆ ಬದಿಯಲ್ಲಿ ಕಾರು ಕುಕ್ಕುತ್ತ ಕುಕ್ಕುತ್ತ ಹೋಗುತ್ತಿತ್ತು. ಕಿಟಕಿಯೊಳಗೆ ಅವಳು ಕಲಿಯುವವಳಿಗೆ ಏನೋ ಹೇಳಿ ನಗಿಸುತ್ತಿದ್ದಳು. ಮೇಡಂ ಲಕೋಟೆಯನ್ನು ಆಫೀಸಿನಲ್ಲಿ ಕೊಟ್ಟು ಬಂದರು.

ಪ್ರೊಫೆಸರು ಇಡೀ ಕತೆ ಕೇಳಿದರು. ಒಳ್ಳೆಯ ಅಧ್ಯಾಯವೊಂದು ಕೈತಪ್ಪಿತು ಎಂದು ಅವರಿಗೂ ಅನ್ನಿಸಿರಬೇಕು. “ಅವಳ ಮಾತು ಬೇಡ ಅಂದ್ರೆ ಬೇಡ. ನಿಮ್ಮದನ್ನ ಬರೀರಿ. ಆದ್ರೆ ಅಳಬೇಡಿ, ಏನಾಯ್ತು ಅಷ್ಟು ಬರೀರಿ” ಎಂದರು. ಮೇಡಂ ಬರೆದರು. ಇನ್ನೂರ ಹತ್ತು ಪುಟದ ಪ್ರಬಂಧದಲ್ಲಿ ಅದು ಒಂದೂವರೆ ಪುಟ: ಚಿಕಿತ್ಸಕಿಯೊಬ್ಬಳು ಕಷ್ಟದ ಪದವನ್ನು ಬಿಡಲು ಕಲಿಸಿದಳು, ಬಿಟ್ಟ ಪದ ಯಾರಿಗೆ ಸೇರಿದ್ದೆಂದು ಕೇಳಲಿಲ್ಲ, ಆ ಮನುಷ್ಯನೇ ಬಂದು ಕೇಳಿದಾಗ ತಪ್ಪು ಉತ್ತರ ಕೊಟ್ಟಳು, ಆ ಚಿಕಿತ್ಸಕಿ ಈ ಸಂಶೋಧಕಿ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕಿ ಆ ಪುಟವನ್ನೇ ತೆರೆದಿಟ್ಟು ಕೇಳಿದರು. “ಇಷ್ಟು ವರ್ಷದ ಅನುಭವ ಇದೆ ನಿಮಗೆ. ಆವತ್ತು ಯಾಕೆ ಹಾಗೆ ಉತ್ತರ ಕೊಟ್ರಿ ಅಂತ ಅನ್ನಿಸುತ್ತೆ?”

ಮೇಡಂ ಉತ್ತರ ತಯಾರು ಮಾಡಿಕೊಂಡಿದ್ದರು. ಆ ಕಾಲದ ವಿಧಾನಗಳು, ಆ ಕಾಲದ ತಿಳಿವಳಿಕೆ. ಆದರೆ ಬಾಯಿಗೆ ಬಂದದ್ದು ಬೇರೆ. “ಫೈಲು ಮುಚ್ಚಿ ಆಗಿತ್ತು ಮೇಡಂ. ಮತ್ತೆ ತೆರೆಯೋಕೆ ಮನಸ್ಸಿರಲಿಲ್ಲ” ಎಂದರು. ಪದವಿ ಬಂತು. ಮಗಳು ಸಿಹಿ ತಂದಳು. ಮೇಷ್ಟರು ಬಾಗಿಲ ಫಲಕಕ್ಕೆ ‘ಡಾ.’ ಸೇರಿಸಬೇಕೆಂದರು. ಇರಲಿ ಬಿಡಿ ಎಂದರು ಮೇಡಂ.

ಆ ಹೆಂಗಸು ಮತ್ತೆ ಫೋನು ಮಾಡಲಿಲ್ಲ. ಹಾಳೆ ನೋಡಿ ತಾಯಿ ಏನೆಂದಳೋ ತಿಳಿಯಲಿಲ್ಲ. ಒಮ್ಮೆ ಮಾರುಕಟ್ಟೆಯ ಸಿಗ್ನಲಿನಲ್ಲಿ ಕಲಿಕೆಯ ಕಾರು ಮೇಡಂ ಕೂತಿದ್ದ ಬಸ್ಸಿನ ಪಕ್ಕ ಬಂದು ನಿಂತಿತ್ತು. ಅವಳು ತಲೆಯೆತ್ತಿ ನೋಡಿದಳು, ಗುರುತಿಗೆ ತಲೆ ಬಾಗಿಸಿದಳು. ಹಸಿರು ದೀಪ ಬಂತು.

ಉಳಿದ ನಲವತ್ತು ಫೈಲುಗಳನ್ನು ಮೇಡಂ ಮನೆಗೆ ತರಲಿಲ್ಲ, ತರುವಂತೆಯೂ ಇರಲಿಲ್ಲ. ವಿಳಾಸಗಳನ್ನು ಬರೆದುಕೊಂಡರು. ಸಂಶೋಧನೆ ಮುಗಿದಿತ್ತು, ಇದನ್ನು ಮಾಡೆಂದು ಹೇಳುವವರು ಯಾರೂ ಇರಲಿಲ್ಲ. ರಜೆಯ ದಿನ ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗುತ್ತಾರೆ. ಕೆಲವರು ಊರು ಬಿಟ್ಟಿದ್ದಾರೆ. ಇಬ್ಬರಿಗೆ ಅವರ ನೆನಪೇ ಇಲ್ಲ. ಲೆಕ್ಕಪತ್ರದ ಆಫೀಸಿನಲ್ಲಿರುವ ಒಬ್ಬ ಬಾಗಿಲಲ್ಲೇ ನಿಲ್ಲಿಸಿ, ಆ ವಿಷಯ ಹೆಂಡತಿಗೆ ಗೊತ್ತಿಲ್ಲ, ದಯವಿಟ್ಟು ಹೋಗಿ ಎಂದು ಪಿಸುಗುಟ್ಟಿದ. ಈಗ ಮೇಡಂ ತಾವಾಗಿ ಏನನ್ನೂ ಹೇಳುವುದಿಲ್ಲ. ಹಾಳೆ ತೋರಿಸುವುದಿಲ್ಲ. ಕೂರಿಸಿದರೆ ಕೂರುತ್ತಾರೆ, ಕೊಟ್ಟರೆ ನೀರು ಕುಡಿಯುತ್ತಾರೆ. “ಯಾವುದಾದ್ರೂ ಪದ ಹೇಳಬೇಕು ಅಂತಿದ್ದು ಹೇಳದೆ ಉಳಿದುಹೋಗಿದ್ರೆ, ಅದು ಯಾರಿಗೆ ಹೇಳಬೇಕಾಗಿತ್ತೋ ಅವರು ಇರುವಾಗಲೇ, ಮಾತು ತಡೆದು ನಿಂತ್ರೂ ಪರವಾಗಿಲ್ಲ, ಹೇಳಿಬಿಡಿ” ಎಂದಷ್ಟೇ ಹೇಳಿ, ಚಪ್ಪಲಿ ಹಾಕಿಕೊಂಡು, ಮುಂದಿನ ವಿಳಾಸದ ಬಸ್ಸು ಎಲ್ಲಿ ಸಿಗುತ್ತದೆಂದು ಕೇಳುತ್ತಾರೆ.